ಬ್ಲೆಚ್ಲಿ ಪಾರ್ಕ್‌ಗೆ ಹೋಗಿ ಬಂದೆ, ಹಳೆಯ ಕಂತನ್ನು ಮತ್ತೆ ಮಾಡುತ್ತಿದ್ದೇನೆ

ನನ್ನ ಇತಿಹಾಸದ ಚಾನೆಲ್‌ನಲ್ಲಿ ಎರಡು ತಿಂಗಳಿಂದ ಹೊಸ ವಿಡಿಯೊ ಬಂದಿಲ್ಲ. ಯಾಕೆ ಅಂತ ಬಹಳ ಜನ ಕೇಳಿದ್ದಾರೆ. ಹಳೆಯ ಒಂದು ಕಂತನ್ನು ಮೊದಲಿಂದ ಮತ್ತೆ ಮಾಡುತ್ತಿದ್ದೇನೆ, ಅದಕ್ಕೆ.

ಎರಡನೇ ಮಹಾಯುದ್ಧದ ಗುಪ್ತಲಿಪಿ ಬಗ್ಗೆ ಹೋದ ವರ್ಷ 12 ನಿಮಿಷದ ಕಂತು ಹಾಕಿದ್ದೆ. ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸುವ ಜರ್ಮನರ ಎನಿಗ್ಮಾ ಯಂತ್ರ, ಅದನ್ನು ಸೋಲಿಸಿದ ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್, ಅಷ್ಟೇ ಕಥೆ. ಜನ ಮೆಚ್ಚಿದರು. ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ ಹೀಗೆ ಬರೆದರು: "ಟ್ಯೂರಿಂಗ್ ಅವರ ತಂದೆ ನಮ್ಮ ಬಳ್ಳಾರಿಯಲ್ಲಿ ಅಸಿಸ್ಟೆಂಟ್ ಕಲೆಕ್ಟರ್ ಆಗಿದ್ದವರು. ಬಳ್ಳಾರಿ ಹುಡುಗ ನೀನು, ಅದನ್ನೇ ಬಿಟ್ಟೆಯಲ್ಲಪ್ಪ." ಹುಡುಕಿ ನೋಡಿದೆ. ನಿಜ. ಜೂಲಿಯಸ್ ಟ್ಯೂರಿಂಗ್ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ಬಳ್ಳಾರಿ, ಕರ್ನೂಲು ಕಡೆ ಕೆಲಸ ಮಾಡಿದ್ದರು. ಇನ್ನು ಟ್ಯೂರಿಂಗ್ ತಾಯಿಯ ಅಪ್ಪ ಎಡ್ವರ್ಡ್ ಸ್ಟೋನಿ, ಮದ್ರಾಸ್ ರೈಲ್ವೆಯ ಎಂಜಿನಿಯರ್, ತುಂಗಭದ್ರೆಗೆ ಸೇತುವೆ ಕಟ್ಟಿದವರು. ಇಷ್ಟು ಹತ್ತಿರದ ಸಂಗತಿ ನನಗೆ ತಪ್ಪಿಹೋಗಿದ್ದರೆ ಇನ್ನೇನೇನು ತಪ್ಪಿರಬಹುದು ಅನ್ನಿಸಿತು.

ಅಕ್ಕನ ಮನೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿದೆ. ಮೇ ತಿಂಗಳಲ್ಲಿ ಅಲ್ಲಿಗೆ ಹೋದಾಗ ಒಂದು ದಿನ ಬ್ಲೆಚ್ಲಿ ಪಾರ್ಕ್‌ಗೇ ಇಟ್ಟುಕೊಂಡೆ. ಯುದ್ಧದ ಕಾಲದಲ್ಲಿ ಬ್ರಿಟಿಷರು ಶತ್ರುಗಳ ಗುಪ್ತಲಿಪಿ ಬಿಡಿಸುತ್ತಿದ್ದ ಜಾಗ ಅದು, ಈಗ ಮ್ಯೂಸಿಯಂ. ಅಕ್ಕನ ಮಗಳು, 11 ವರ್ಷದವಳು, ತಾನೂ ಬರುತ್ತೇನೆ ಅಂದಳು. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ರೈಲು. ಬ್ಲೆಚ್ಲಿಯಲ್ಲಿ ಇಳಿದು ರಸ್ತೆ ದಾಟಿ ಸ್ವಲ್ಪ ನಡೆದರೆ ಗೇಟು ಬಂದೇಬಿಡುತ್ತದೆ. 1938ರಲ್ಲಿ ಗುಪ್ತಚರ ಮುಖ್ಯಸ್ಥ ಅಡ್ಮಿರಲ್ ಸಿಂಕ್ಲೇರ್ ಈ ಜಾಗ ಆರಿಸಿದ್ದಕ್ಕೆ ರೈಲೂ ಒಂದು ಕಾರಣ. ಲಂಡನ್ನಿನ ದಾರಿಯೂ ಆಕ್ಸ್‌ಫರ್ಡ್–ಕೇಂಬ್ರಿಡ್ಜ್ ದಾರಿಯೂ ಇಲ್ಲಿ ಕೂಡುತ್ತಿದ್ದವು.

ಒಳಗೆ ಒಂದು ಬಂಗಲೆ, ಅದರ ಮುಂದೆ ಕೊಳ, ಸುತ್ತ ಹುಲ್ಲು. ಆದರೆ ನಿಜವಾದ ಕೆಲಸ ನಡೆದದ್ದು ಅದರ ಪಕ್ಕದ ಹಟ್‌ಗಳಲ್ಲಿ. ಹಟ್ ಅಂದರೆ ಮರದ ಶೆಡ್ಡು. ಆರನೇ ಹಟ್‌ನಲ್ಲಿ ಜರ್ಮನ್ ಭೂಸೇನೆ, ವಾಯುಸೇನೆಗಳ ಸಂದೇಶ ಬಿಡಿಸುತ್ತಿದ್ದರು. ಬಿಡಿಸಿದ ಹಾಳೆಗಳನ್ನು ಒಂದು ಟ್ರೇನಲ್ಲಿಟ್ಟು, ಗೋಡೆಯ ಕಿಂಡಿಯಿಂದ ಪಕ್ಕದ ಮೂರನೇ ಹಟ್‌ಗೆ ಕೋಲಿನಿಂದ ತಳ್ಳುತ್ತಿದ್ದರು. ಅನುವಾದ ಮಾಡುವವರು ಅಲ್ಲಿದ್ದರು. ಒಳಗೆ ಈಗಲೂ ಮಬ್ಬು ಬೆಳಕು. ಸಾದಾ ಮೇಜು, ಮರದ ಕುರ್ಚಿ. ನಮ್ಮೂರಿನ ಹಳೆ ತಾಲ್ಲೂಕು ಕಚೇರಿ ಹೊಕ್ಕ ಹಾಗಾಯಿತು.

ಅಲ್ಲೇ ಪುಟ್ಟಿ ಕೇಳಿದ್ದು: "ಮಾಮ, ಫೋಟೋದಲ್ಲಿ ಎಲ್ಲಾ ಅಕ್ಕಂದಿರೇ ಇದ್ದಾರಲ್ಲ. ನಿನ್ನ ವಿಡಿಯೊದಲ್ಲಿ ಒಬ್ರೂ ಇರ್ಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯುದ್ಧದ ಕೊನೆಕೊನೆಗೆ ಇಲ್ಲಿ ಸುಮಾರು 9,000 ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ನನ್ನ 12 ನಿಮಿಷದಲ್ಲಿ ಅವರಿಗೆ ಒಂದು ವಾಕ್ಯವೂ ಸಿಕ್ಕಿರಲಿಲ್ಲ.

ಅವಳಿಗೆ ಮೇವಿಸ್ ಲಿವರ್ ಕಥೆ ಹೇಳಿದೆ. ಎನಿಗ್ಮಾದಲ್ಲಿ ಒಂದು ಕೀಲಿ ಒತ್ತಿದರೆ ಬೇರೆ ಅಕ್ಷರದ ದೀಪ ಹೊತ್ತುತ್ತದೆ. ಒಳಗಿನ ಚಕ್ರ ತಿರುಗುತ್ತಲೇ ಇರುವುದರಿಂದ ಅದೇ ಕೀಲಿ ಮತ್ತೆ ಒತ್ತಿದರೆ ಸಾಮಾನ್ಯವಾಗಿ ಇನ್ನೊಂದೇ ಅಕ್ಷರ ಬರುತ್ತದೆ. ಆದರೆ ಯಾವ ಅಕ್ಷರವೂ ತಾನೇ ತಾನಾಗಿ ಹೊರಗೆ ಬರುವುದಿಲ್ಲ. 'ಎಲ್' ಒತ್ತಿದರೆ 'ಎಲ್' ಬಿಟ್ಟು ಬೇರೆ ಯಾವುದಾದರೂ ಬರಬೇಕು. ಬ್ಲೆಚ್ಲಿಯ ಹಿರಿಯ ಗುಪ್ತಲಿಪಿ ತಜ್ಞ ಡಿಲ್ಲಿ ನಾಕ್ಸ್ ಅವರ ತಂಡದಲ್ಲಿದ್ದ ಮೇವಿಸ್ ಕೈಗೆ ಇಟಲಿ ನೌಕಾಪಡೆಯ ಎನಿಗ್ಮಾದ ಒಂದು ಉದ್ದನೆಯ ಸಂದೇಶ ಬಂತು. ಅದರಲ್ಲಿ ಒಂದೇ ಒಂದು 'ಎಲ್' ಇರಲಿಲ್ಲ. ಕಳಿಸಿದವನು ಪರೀಕ್ಷೆಗೆಂದು ಸುಮ್ನೆ 'ಎಲ್' ಕೀಲಿಯನ್ನೇ ಒತ್ತುತ್ತಾ ಹೋಗಿದ್ದಾನೆ ಅಂತ ಅವಳಿಗೆ ಹೊಳೆಯಿತು. ಅಷ್ಟು ಸಾಕಾಯಿತು, ಆ ಯಂತ್ರದ ಚಕ್ರವೊಂದರ ಒಳಗಿನ ವೈರಿಂಗ್ ಹೊರಗೆ ಬಂತು. ಅವಳಿಗಿನ್ನೂ 20ರ ಆಸುಪಾಸು.

"ಇಲ್ಲದೇ ಇರೋದನ್ನ ನೋಡಿದಳು!" ಅಂದಳು ಪುಟ್ಟಿ. ಹೊಸ ಕಂತಿನಲ್ಲಿ ಈ ಮಾತನ್ನು ಹಾಗೇ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಉಪಾಯ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಎನಿಗ್ಮಾವನ್ನು ಎಷ್ಟು ಬಗೆಯಲ್ಲಿ ಹೊಂದಿಸಬಹುದು ಗೊತ್ತಾ? 159 ಬರೆದು ಮುಂದೆ 18 ಸೊನ್ನೆ ಹಾಕಿ, ಸುಮಾರು ಅಷ್ಟು. ಅದೂ ದಿನಾ ಬದಲು. ಒಂದೊಂದೇ ನೋಡುತ್ತಾ ಕೂತರೆ ಆಗದ ಮಾತು. ಹಾಗಾಗಿ ಸಂದೇಶದಲ್ಲಿ ಯಾವ ಪದ ಇದ್ದೇ ಇರುತ್ತದೆ ಅಂತ ಊಹಿಸುತ್ತಿದ್ದರು. ನಮ್ಮ ಹಿಂದಿನವರ ಪತ್ರ ನೆನಪಿಸಿಕೊಳ್ಳಿ. ಯಾರೇ ಬರೆಯಲಿ, "ನಾವೆಲ್ಲ ಇಲ್ಲಿ ಕ್ಷೇಮ" ಅಂತಲೇ ಶುರು, ಅಲ್ವಾ? ಜರ್ಮನರ ಹವಾಮಾನ ವರದಿಗಳೂ ಹಾಗೇ, ಅವವೇ ಪದಗಳು. ಆ ಪದವನ್ನು ಗುಪ್ತ ಅಕ್ಷರಗಳ ಕೆಳಗೆ ಇಟ್ಟು ಸರಿಸುತ್ತಾ ಹೋಗಬೇಕು. ಎಲ್ಲಾದರೂ ಮೇಲೆ ಕೆಳಗೆ ಒಂದೇ ಅಕ್ಷರ ಬಂದರೆ ಆ ಜಾಗ ಅಲ್ಲ. ಹೀಗೆ ಕೂಡಿಸಿದ ಊಹೆಯನ್ನು ಪರೀಕ್ಷಿಸಲು ಟ್ಯೂರಿಂಗ್ ಬಾಂಬ್ ಎನ್ನುವ ಯಂತ್ರ ರೂಪಿಸಿದರು. ಮೊದಲನೆಯದು ಬಂದದ್ದು 1940ರ ಮಾರ್ಚ್‌ನಲ್ಲಿ. ಅಲ್ಲಿನ ಇನ್ನೊಬ್ಬ ಗಣಿತಜ್ಞ ಗೋರ್ಡನ್ ವೆಲ್ಚ್‌ಮನ್ ಅದಕ್ಕೆ ಮಾಡಿದ ಸುಧಾರಣೆಯಿಂದ ಅದು ಎಷ್ಟೋ ಪಟ್ಟು ಚುರುಕಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಇಂಥವು 200ಕ್ಕೂ ಜಾಸ್ತಿ. ಒಂದೊಂದೂ ಒಂದು ಟನ್ ತೂಕ. ಇವನ್ನು ಮೂರು ಪಾಳಿಯಲ್ಲಿ ಹಗಲು ರಾತ್ರಿ ನಡೆಸಿದವರು ನೌಕಾಪಡೆಯ ಹುಡುಗಿಯರು. ಸೆಕೆ, ಎಣ್ಣೆ ವಾಸನೆ, ಕಿವಿ ಕಿವುಡಾಗುವ ಸದ್ದು. ಎಷ್ಟೋ ಜನರಿಗೆ ತಾವು ತಿರುಗಿಸುತ್ತಿರುವುದು ಯಾವುದಕ್ಕೆ ಅಂತ ಪೂರ್ತಿ ಗೊತ್ತಿರಲಿಲ್ಲ.

ಕುದುರೆ ಲಾಯದ ಅಂಗಳದಲ್ಲಿ ತೆರೆದ ಪುಸ್ತಕದಂಥ ಒಂದು ಸ್ಮಾರಕ ಇದೆ. ಅದರ ಮುಂದೆ ನನಗೆ ಇನ್ನೊಂದು ತಪ್ಪು ಕಂಡಿತು. ಮರಿಯನ್ ರೆಯೆವ್ಸ್‌ಕಿ, ಯೆಝಿ ರುಝಿಟ್ಸ್‌ಕಿ, ಹೆನ್ರಿಕ್ ಝಿಗಾಲ್ಸ್‌ಕಿ, ಪೋಲೆಂಡಿನ ಈ ಮೂವರು ಗಣಿತಜ್ಞರ ಸ್ಮಾರಕ ಅದು. ರೆಯೆವ್ಸ್‌ಕಿ 1932ರಲ್ಲೇ ಸೈನ್ಯದ ಎನಿಗ್ಮಾವನ್ನು ಭೇದಿಸಿದ್ದರು. 1939ರ ಜುಲೈನಲ್ಲಿ, ಯುದ್ಧಕ್ಕೆ ಐದೇ ವಾರ ಇರುವಾಗ, ಪೋಲೆಂಡಿನವರು ತಮಗೆ ಗೊತ್ತಿದ್ದದ್ದನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಕೊಟ್ಟರು. ನಾನು "ಟ್ಯೂರಿಂಗ್ ಒಬ್ಬರೇ" ಅಂದುಬಿಟ್ಟಿದ್ದೆ.

ಮುಂದೆ ಕೇಳಿದ ಕಥೆಯಿಂದ ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ. 1942ರ ಫೆಬ್ರುವರಿಯಲ್ಲಿ ಜರ್ಮನರು ಅಟ್ಲಾಂಟಿಕ್‌ನ ಜಲಾಂತರ್ಗಾಮಿಗಳ ಎನಿಗ್ಮಾಗೆ ನಾಲ್ಕನೇ ಚಕ್ರ ಸೇರಿಸಿದರು. ಆ ಸಂದೇಶಗಳ ಮಟ್ಟಿಗೆ ಹತ್ತು ತಿಂಗಳು ಬ್ಲೆಚ್ಲಿಗೆ ಕತ್ತಲೆ. ಅಕ್ಟೋಬರ್ 30ರ ರಾತ್ರಿ ಮೆಡಿಟರೇನಿಯನ್‌ನಲ್ಲಿ ಯು-559 ಎನ್ನುವ ಜಲಾಂತರ್ಗಾಮಿ ಮುಳುಗುತ್ತಿತ್ತು. ಬ್ರಿಟಿಷ್ ನೌಕಾಪಡೆಯ ಪೆಟಾರ್ಡ್ ಹಡಗಿನ ಟೋನಿ ಫ್ಯಾಸನ್, ಕಾಲಿನ್ ಗ್ರೇಝಿಯರ್ ಅದರೊಳಗೆ ಇಳಿದು ಕೋಡ್ ಪುಸ್ತಕಗಳನ್ನು ಮೇಲಕ್ಕೆ ಕೊಟ್ಟರು. ತೆಗೆದುಕೊಂಡವನು ಕ್ಯಾಂಟೀನಿನ ಹುಡುಗ ಟಾಮಿ ಬ್ರೌನ್, ವಯಸ್ಸು 16. ಅವನು ಬದುಕಿದ. ಇಳಿದ ಇಬ್ಬರೂ ಅದರ ಜೊತೆಗೇ ಮುಳುಗಿದರು. ಆ ಪುಸ್ತಕಗಳಿಂದಲೇ ಡಿಸೆಂಬರ್‌ನಲ್ಲಿ ಮತ್ತೆ ದಾರಿ ತೆರೆಯಿತು.

ಮಧ್ಯಾಹ್ನ ಪಾರ್ಕ್ ಒಳಗಿನ ರೇಡಿಯೊ ಕೇಂದ್ರಕ್ಕೆ ಹೋದೆವು. ಯಾರೋ ಮೋರ್ಸ್ ಕೀಲಿ ಒತ್ತುತ್ತಿದ್ದರು. ಆ ಸದ್ದು ಕೇಳಿದ್ದೇ ನನ್ನ ಅಜ್ಜ ನೆನಪಾದರು. ಹೊಸಪೇಟೆಯ ತಂತಿ ಆಫೀಸಿನಲ್ಲಿದ್ದರು ಅವರು. ಊರಿನ ಎಲ್ಲ ಸಾವು, ಎಲ್ಲ ಹೆರಿಗೆ ಮೊದಲು ಅವರ ಕಿವಿಗೇ ಬೀಳುತ್ತಿದ್ದವು. ಒಮ್ಮೆ ಪಕ್ಕದ ಮನೆಯವರ ಮಗ ತೀರಿಕೊಂಡ ಸುದ್ದಿ ಬಂತು. ಅಜ್ಜ ಮನೆಗೆ ಬಂದು ಊಟ ಮಾಡದೆ ಕೂತರು. ಅಜ್ಜಿ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಆಮೇಲೆ ಅಂದರಂತೆ: "ಅವರ ಮನೆ ಮುಟ್ಟೋ ತನಕ ಅದು ಅವರ ಸುದ್ದಿ. ನಾನು ಹ್ಯಾಂಗ ಹೇಳಲಿ?"

ಬ್ಲೆಚ್ಲಿಯ ಹುಡುಗಿಯರು ಹೀಗೆ ಸುಮಾರು 30 ವರ್ಷ ಸುಮ್ಮನಿದ್ದರು. 1970ರ ದಶಕದಲ್ಲಿ ಗುಟ್ಟು ಹೊರಬರುವ ತನಕ ಗಂಡನಿಗೂ ಹೇಳಲಿಲ್ಲ, ಮಕ್ಕಳಿಗೂ ಹೇಳಲಿಲ್ಲ. ಮಗಳು ಏನು ಮಾಡಿದಳು ಅಂತ ತಿಳಿಯದೆಯೇ ಎಷ್ಟೋ ತಂದೆತಾಯಿ ತೀರಿಕೊಂಡರು. ಇದೇ ನನ್ನನ್ನು ಜಾಸ್ತಿ ಕಾಡಿದ್ದು. ಅವರು ಹೇಳಲಿಲ್ಲ ಅಂತ ನಾನೂ ಹೇಳದೆ ಬಿಟ್ಟಿದ್ದೆನಲ್ಲ.

ಪಕ್ಕದ ಕಂಪ್ಯೂಟರ್ ಮ್ಯೂಸಿಯಂಗೆ ಬೇರೆ ಟಿಕೆಟ್. ಗುಪ್ತಲಿಪಿ ಬಿಡಿಸಲು ಆಗ ಕಟ್ಟಿದ್ದ ಕಂಪ್ಯೂಟರ್ ಕೊಲೊಸಸ್, ಅದನ್ನು ಮತ್ತೆ ಕಟ್ಟಿ ಇಟ್ಟಿರುವುದು ಅಲ್ಲೇ. ಹೊತ್ತು ಸಾಲಲಿಲ್ಲ.

ಹಳೆಯ ಕಂತನ್ನು ತೆಗೆದಿದ್ದೇನೆ. ಹೊಸದು ಎರಡು ಭಾಗದಲ್ಲಿ ಬರುತ್ತದೆ. ಮೊದಲನೆಯದು ಪೋಲೆಂಡಿನಿಂದ ಶುರು, ಎರಡನೆಯದು ಪೂರ್ತಿ ಆ ಹೆಂಗಸರದು. ಬಳ್ಳಾರಿಯ ಅಸಿಸ್ಟೆಂಟ್ ಕಲೆಕ್ಟರರೂ ತುಂಗಭದ್ರೆಯ ಸೇತುವೆಯೂ ಇರುತ್ತವೆ, ಮೇಷ್ಟ್ರೇ. ಮೂರನೆಯದೂ ಒಂದು ಮನಸ್ಸಿನಲ್ಲಿದೆ. ಜಪಾನಿನ ಸಂದೇಶ ಹಿಡಿಯಲು ಬ್ಲೆಚ್ಲಿಯ ಒಂದು ಕೈ ದೆಹಲಿಯ ಆನಂದ ಪರ್ಬತ್‌ನಲ್ಲಿತ್ತು. ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಅಂತ ಹೆಸರು. ಅದರ ಒಂದು ಉಪಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇತ್ತು. ನಿಮ್ಮ ಅಜ್ಜನೋ ದೊಡ್ಡಪ್ಪನೋ ಆ ಕಾಲದಲ್ಲಿ ಬೆಂಗಳೂರಿನಲ್ಲಿ ವೈರ್‌ಲೆಸ್ ಕೆಲಸದಲ್ಲಿದ್ದರೆ, ಮನೆಯಲ್ಲಿ ಒಂದು ಫೋಟೋ, ಒಂದು ಕಾಗದ ಉಳಿದಿದ್ದರೆ, ದಯವಿಟ್ಟು ನನಗೆ ಬರೆಯಿರಿ.