ಮಾದಲಿ ತಿನ್ನುತ್ತಿದ್ದ ಮಂಗಳೂರು

ನಮ್ಮ ಹಾಸ್ಟೆಲ್‌ನಲ್ಲಿ ಊರೇ ಹೆಸರು. ಫಸ್ಟ್ ಇಯರ್‌ನಲ್ಲಿ ನಮ್ಮ ಮಹಡಿಯಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇದ್ದೆವು. ಒಬ್ಬಳನ್ನು ಕರೆದರೆ ನಾಲ್ವರೂ ಬಾಗಿಲಿಗೆ ಬರುತ್ತಿದ್ದೆವು. ಆಗ ಶುರುವಾಗಿದ್ದು ಇದು. ನಾನು ಕೊಪ್ಪಳ. ನನ್ನ ರೂಮಿನಲ್ಲಿ ಒಬ್ಬಳು ಮಂಗಳೂರು, ಇನ್ನೊಬ್ಬಳು ಮೈಸೂರು. ಈಗ ಅಸಲಿ ಹೆಸರು ಹಿಡಿದು ಕರೆದರೆ ಎದುರಿನವಳಿಗೆ ಸಿಟ್ಟು ಬಂದಿದೆ ಅಂತಲೇ ಅರ್ಥ.

ಆ ಇಬ್ಬರೂ ಈ ಸಲ, 2025ರ ಜನವರಿ ರಜೆಗೆ ನಮ್ಮ ಮನೆಗೆ ಬಂದಿದ್ದರು. ಫೆಬ್ರವರಿ ಕೊನೆಗೆ ನಾನು ಜರ್ಮನಿಗೆ ಹೊರಡಬೇಕಿತ್ತು. ಒಂದೇ ಸೆಮಿಸ್ಟರ್. ಆದರೂ ನಮ್ಮ ಓಣಿಯಲ್ಲಿ ಅದು ಕಾಯಂ ಹೋಗುವವರ ಥರ ಸುದ್ದಿಯಾಗಿತ್ತು. "ನೀನು ಹೋದ್ಮೇಲೆ ಕೊಪ್ಪಳಕ್ಕೆ ಬಂದು ಏನ್ ಮಾಡೋದು, ಈಗಲೇ ಬರ್ತೀವಿ ಕಣೇ" ಎಂದಳು ಮೈಸೂರು. ಇಬ್ಬರಿಗೂ ನಿಜವಾಗಿ ಬೇಕಾಗಿದ್ದದ್ದು ಹಂಪಿ. ಕೊಪ್ಪಳ ಅಂದರೆ ಅವರಿಗೆ ಹೊಸಪೇಟೆ ದಾಟಿದ ಮೇಲೆ ಬರುವ ಒಂದು ಸ್ಟೇಷನ್ನು. ನನಗೂ ಅದರ ಬಗ್ಗೆ ಬೇಜಾರಿರಲಿಲ್ಲ. ಹಂಪಿ ತೋರಿಸಿ, ಅವ್ವನ ಕೈಯ ಊಟ ಹಾಕಿಸಿ ಕಳಿಸಿದರಾಯಿತು ಅಂದುಕೊಂಡಿದ್ದೆ.

ಅದೂ ಅಲ್ಲದೆ ನನ್ನ ತಲೆ ನೆಟ್ಟಗಿರಲಿಲ್ಲ. ಪಾಸ್‌ಪೋರ್ಟ್ ವೀಸಾಕ್ಕೆ ಹೋಗಿ ಕೂತಿತ್ತು. ಅದಕ್ಕೂ ಮುಂಚೆ, ಅಲ್ಲಿನ ಖರ್ಚಿಗೆ ದುಡ್ಡಿದೆ ಅಂತ ತೋರಿಸೋಕೆ ಬ್ಲಾಕ್ಡ್ ಅಕೌಂಟ್ ಅಂತ ಒಂದು ತೆರೆದು, ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಆರು ತಿಂಗಳದ್ದು ಒಟ್ಟಿಗೆ ಇಟ್ಟಿದ್ದೆವು. ನಮ್ಮ ರೂಪಾಯಿಯಲ್ಲಿ 5 ಲಕ್ಷದ ಮೇಲೆ. ಅಪ್ಪ ಮೇಷ್ಟ್ರು. ಎಲ್ಲಿಂದ ಹೊಂದಿಸಿದ ಅಂತ ನಾನು ಪೂರ್ತಿ ಕೇಳಲಿಲ್ಲ, ಅವನೂ ಪೂರ್ತಿ ಹೇಳಲಿಲ್ಲ. ಗಂಟೆಗೊಮ್ಮೆ ಫೋನ್ ತೆಗೆದು ಅರ್ಜಿ ಎಲ್ಲಿಗೆ ಬಂತು ಅಂತ ನೋಡೋದು, ಅಲ್ಲಿನ ಟ್ರಾಮ್ ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳೋದು, ದಾರಿ ತಪ್ಪಿದರೆ ಹೇಳಬೇಕಾದ ಜರ್ಮನ್ ಸಾಲು ಬಾಯಿಪಾಠ ಮಾಡೋದು. ಇದೇ ಕೆಲಸ.

12ರ ಭಾನುವಾರ ಬೆಳಿಗ್ಗೆ ಇಬ್ಬರೂ ಹಂಪಿ ಎಕ್ಸ್‌ಪ್ರೆಸ್‌ನಿಂದ ಇಳಿದರು. ಮನೆಗೆ ಬಂದು ಚಹಾ ಕುಡಿಯುವ ಹೊತ್ತಿಗೆ ಅವ್ವ ಹಿತ್ತಲಿನಿಂದ ಕೂಗಿದಳು: "ಏ, ನೀರು ಬಂದಾವ, ಲಗೂನ ಬರ್ರಿ!"

ಮೈಸೂರು ಗಡಬಡಿಸಿ ಎದ್ದು ದುಪಟ್ಟಾ ಸರಿ ಮಾಡಿಕೊಂಡಳು. "ಯಾರೇ ಬಂದಿದ್ದು?"

ನಲ್ಲಿ ನೀರು. ನಮ್ಮ ಕಡೆ ನೀರಿಗೆ ಬಹುವಚನ. ನೀರು ಕಾದಾವ, ನೀರು ತಣ್ಣಗಾದಾವ, ನೀರು ಹೋದಾವ. ನಮ್ಮ ಓಣಿಗೆ ದಿನಾ ಬರೋದಿಲ್ಲ, ಬಂದ ದಿನ ಮನೆಮಂದಿಯೆಲ್ಲಾ ಕೊಡ ಹಿಡಿದು ನಿಲ್ಲಬೇಕು. ಅಷ್ಟು ಮರ್ಯಾದೆ ಬೀಗರಿಗೂ ಇಲ್ಲ. ಮಂಗಳೂರು ಏನೂ ಕೇಳದೆ ಒಂದು ಬಕೆಟ್ ಎತ್ತಿಕೊಂಡು ಸಾಲಿನಲ್ಲಿ ನಿಂತಳು. "ನಮ್ಮಲ್ಲಿ ಮಳೆಗಾಲದಲ್ಲಿ ಮನೆಯೊಳಗೇ ಬರ್ತದೆ ಮಾರಾಯ್ತಿ, ಕರೆಯುವುದೂ ಬೇಡ" ಎಂದಳು.

ಇಬ್ಬರೂ ಸೇರಿ ನಮ್ಮ ಕನ್ನಡವನ್ನು ಆಡಿಕೊಳ್ಳುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅದಕ್ಕೇ ಕಾಯುತ್ತಿದ್ದವನಂತೆ ಕವಿರಾಜಮಾರ್ಗ ತೆಗೆದ. ಒಂಬತ್ತನೇ ಶತಮಾನದ ಪುಸ್ತಕ. ಕನ್ನಡದ ತಿರುಳು ಎಲ್ಲಿದೆ ಅಂದರೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ, ಈ ನಾಲ್ಕರ ನಡುವೆ ಅಂತ ಅದರಲ್ಲಿದೆ. "ಕೊಪಣ ಅಂದ್ರ ಯಾವ್ದು ಹೇಳ್ರಿ ನೋಡೋಣ?" ಎಂದು ರೊಟ್ಟಿ ಮುರಿದ. "ಮೈಸೂರಿನ ಹೆಸರು ಅದ್ರಾಗ ಹುಡುಕಿದೆ, ಸಿಗಲಿಲ್ಲವ್ವಾ." ಮೈಸೂರು ಆ ರಾತ್ರಿ ಮಾತಾಡಲಿಲ್ಲ.

ಸೋಮವಾರ ಹಂಪಿ. ಬಿಸಿಲು, ಫೋಟೋ, ಕಾಲುನೋವು. ಹಂಪಿ ಬಗ್ಗೆ ನಾನು ಹೇಳಬೇಕಾದ್ದು ಏನೂ ಇಲ್ಲ.

ಮಂಗಳವಾರ ಸಂಕ್ರಾಂತಿ. ನಮ್ಮಲ್ಲಿ ಅವತ್ತು ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಜಳಕ ಮಾಡಬೇಕು, ಬುತ್ತಿ ಬಿಚ್ಚಿ ದಂಡೆಯಲ್ಲೇ ಉಣ್ಣಬೇಕು. ಹುಲಿಗಿಗೆ ಹೋದೆವು. ಹುಲಿಗೆಮ್ಮನ ಗುಡಿ ತುಂಗಭದ್ರೆಯ ದಂಡೆಗೇ ಇದೆ, ಡ್ಯಾಮು ಅಲ್ಲಿಂದ ಹತ್ತಿರ. ಹೋದ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದ ಕಥೆಯನ್ನು ಅಪ್ಪ ತಾನೇ ಅಲ್ಲಿ ನಿಂತಿದ್ದವನ ಥರ ಹೇಳಿದ. ಅವ್ವ ಹುಡುಗಿಯರ ಬೆನ್ನಿಗೆ ಎಳ್ಳು ತಿಕ್ಕುತ್ತಿದ್ದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳು ಪಲ್ಯ, ಶೇಂಗಾ ಹೋಳಿಗೆ. ಮೈಸೂರು ಎಣ್ಣೆಗಾಯಿಯ ತೊಟ್ಟು ಹಿಡಿದು "ಇದನ್ನೂ ತಿನ್ಬೇಕಾ?" ಎಂದಳು. ಪಕ್ಕದ ಬುತ್ತಿಯ ಅಜ್ಜಿಯೊಬ್ಬಳು ತನ್ನ ಹೋಳಿಗೆಯನ್ನೂ ತಂದು ಅವಳ ತಾಟಿಗೆ ಹಾಕಿ ಹೋದಳು. ಯಾರು ಏನು ಅಂತ ಕೇಳಲೂ ಇಲ್ಲ.

ಬುಧವಾರ ಗವಿಸಿದ್ಧೇಶ್ವರ ಜಾತ್ರೆ. ತೇರು ಎಳೆಯೋದು ಪುಷ್ಯ ಬಹುಳ ಬಿದಿಗೆಗೆ, ಈ ವರ್ಷ ಅದು ಜನವರಿ 15ಕ್ಕೆ ಬಂದಿತ್ತು. ಜನ ಎಷ್ಟು ಅಂತ ಕೇಳಬೇಡಿ. ಲಕ್ಷಗಟ್ಟಲೆ. ಮಠದ ಮುಂದಿನ ಬಯಲು, ಮನೆಗಳ ಮಾಳಿಗೆ, ಬೆಟ್ಟದ ಬಂಡೆ, ಎಲ್ಲಾ ಕಡೆ ತಲೆಗಳೇ. ಮಧ್ಯಾಹ್ನಕ್ಕೇ ಫೋನಿನ ನೆಟ್‌ವರ್ಕ್ ಸತ್ತಿತ್ತು. ನಾನು ಹುಟ್ಟಿದಾಗಿಂದ ನೋಡಿದ ಜಾತ್ರೆ ಅಲ್ವಾ, ಜೋರು ಮಾಡಿಕೊಂಡು ಇಬ್ಬರನ್ನೂ ತೇರಿನ ಹತ್ತಿರಕ್ಕೇ ಕರೆದುಕೊಂಡು ಹೋದೆ. ಸಂಜೆ ಇಳಿಬಿಸಿಲಲ್ಲಿ ತೇರು ಅಲುಗಿತು. ಸುತ್ತಲಿಂದ ಉತ್ತತ್ತಿ, ಬಾಳೆಹಣ್ಣು ಹಾರಿದವು. ಒಂದು ಉತ್ತತ್ತಿ ನನ್ನ ಕಿವಿಗೇ ಬಡಿಯಿತು. ಕಿವಿ ಉಜ್ಜಿಕೊಂಡು ತಿರುಗಿ ನೋಡುತ್ತೇನೆ, ಮೈಸೂರು ಇದ್ದಾಳೆ, ಮಂಗಳೂರು ಇಲ್ಲ.

ಹತ್ತು ನಿಮಿಷ ನಿಂತಲ್ಲೇ ನಿಂತೆವು. ಅರ್ಧ ಗಂಟೆ ಸುತ್ತ ಹುಡುಕಿದೆವು. ಬಳೆ ಅಂಗಡಿ ಸಾಲು, ಮಂಡಕ್ಕಿ ಸಾಲು, ತೊಟ್ಟಿಲು, ಮತ್ತೆ ಬಳೆ ಅಂಗಡಿ. ಫೋನ್ ಹಚ್ಚಿದರೆ ಹೋಗುತ್ತಿಲ್ಲ. ಕತ್ತಲಾಯಿತು. ಅವಳ ಅಮ್ಮ ಹಿಂದಿನ ದಿನವಷ್ಟೇ ನನ್ನ ಜೊತೆ ಮಾತಾಡಿ "ನೀನಿದ್ದೀ ಅಲ್ಲ, ನನಗೆ ಹೆದರಿಕೆ ಇಲ್ಲ" ಎಂದಿದ್ದರು. ಅದು ನೆನಪಾದದ್ದೇ ತಡ, ನನ್ನ ಹೊಟ್ಟೆಯೊಳಗೆ ತೊಳೆಸಿದ ಹಾಗಾಯಿತು. ಕೊನೆಗೆ ಮೈಕಿನವರ ಹತ್ತಿರ ಹೋದೆ. ಅಲ್ಲಿ ಆಗಲೇ ನಾಲ್ಕೈದು ಜನ ಅಳುತ್ತಾ ನಿಂತಿದ್ದರು.

"ಎಷ್ಟ ವರ್ಷದ ಕೂಸು?" ಮೈಕಿನವನು ತಲೆ ಎತ್ತದೆ ಕೇಳಿದ.

"ಇಪ್ಪತ್ತೊಂದು."

ಆಗ ತಲೆ ಎತ್ತಿದ. "ಹೆಸರು?"

"ಮಂಗಳೂರು."

"ಊರಲ್ಲವ್ವಾ, ಹೆಸರು ಹೇಳು."

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನಗೆ ಆ ಕ್ಷಣ ಅವಳ ಹೆಸರು ಬಾಯಿಗೆ ಬರಲಿಲ್ಲ. ಅದೂ ನನ್ನದೇ ಹೆಸರು! ಮೈಸೂರು ಪಕ್ಕದಿಂದ ಹೇಳಿದಳು. ಅವನು ಮೂರು ಸಲ ಕೂಗಿದ. ಯಾರೂ ಬರಲಿಲ್ಲ. "ಉಂಡು ಬರ್ರಿ, ಅಷ್ಟರಾಗ ಬರ್ತಾಳ" ಎಂದ. ಉಣ್ಣುವ ಸ್ಥಿತಿಯೇ ಇದು ಅಂತ ನನಗೆ ಸಿಟ್ಟೇ ಬಂತು. ಆದರೂ ಬೇರೆ ಜಾಗ ಉಳಿದಿರಲಿಲ್ಲ, ದಾಸೋಹದ ಕಡೆ ನಡೆದೆವು.

ದಾಸೋಹ ನೋಡದವರಿಗೆ ಹೇಳೋದು ಕಷ್ಟ. ಜಾತ್ರೆಗೆ ಸುತ್ತಲಿನ ಹಳ್ಳಿಯವರು ಮನೆಮನೆಯಲ್ಲಿ ರೊಟ್ಟಿ ಬಡಿದು, ಟ್ರ್ಯಾಕ್ಟರ್‌ಗಳಲ್ಲಿ ಹೇರಿಕೊಂಡು, ಡೊಳ್ಳು ಬಾರಿಸಿಕೊಂಡು ತಂದು ಕೊಡುತ್ತಾರೆ. ಆ ರೊಟ್ಟಿಯನ್ನು ನಮ್ಮೆತ್ತರಕ್ಕಿಂತ ಎತ್ತರ ಗೋಡೆ ಕಟ್ಟಿದ ಹಾಗೆ ಒಟ್ಟಿರುತ್ತಾರೆ. ಮೈಸೂರು ಅದರ ಮುಂದೆ ನಿಂತೇಬಿಟ್ಟಳು. ನಾನು ಅವಳ ಕೈ ಎಳೆಯುತ್ತಾ ಸಾಲು ಸಾಲು ನೋಡುತ್ತಾ ಹೋದೆ.

ಹಳ್ಳಿಯ ಏಳೆಂಟು ಮುದುಕಿಯರ ಗುಂಪು. ನಡುವೆ ಮಂಗಳೂರು, ಚಕ್ಕಳಮಕ್ಕಳ ಹಾಕಿಕೊಂಡು. ಮುಂದಿನ ತಾಟಿನಲ್ಲಿ ಮಾದಲಿ. ಒಬ್ಬ ಅಜ್ಜಿ ಮೇಲೆ ತುಪ್ಪ ಹಾಕುತ್ತಿದ್ದಾಳೆ, ಇನ್ನೊಬ್ಬಳು ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಾಳೆ. ನನ್ನನ್ನು ನೋಡಿ "ಬಂದಿರಾ? ಎಷ್ಟು ಹೊತ್ತು ಮಾರಾಯ್ತಿ!" ಎಂದಳು. ಬೈಯಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ತುಪ್ಪದ ಅಜ್ಜಿ "ಕುಂದರಬೇ, ನಿಂತ್ಕೊಂಡು ಅಳಬಾರ್ದು" ಎಂದು ನನ್ನ ಕೈ ಹಿಡಿದು ಜಗ್ಗಿ ಕೂರಿಸಿದಳು. ಅಳುತ್ತಿದ್ದೇನೆ ಅಂತ ಆಗಲೇ ನನಗೂ ಗೊತ್ತಾಗಿದ್ದು.

"ಕೂಗಿದ್ದು ಕೇಳಿಸಲಿಲ್ವೇನೇ?"

"ಕೇಳಿಸ್ತು. ನಮ್ಮ ಹೆಸರಿನವರು ಊರಿಗೆ ನಾಲ್ಕು ಜನ ಇರ್ತಾರಲ್ಲ, ಬೇರೆ ಯಾರೋ ಅಂದುಕೊಂಡೆ."

ತಪ್ಪಿಸಿಕೊಂಡ ಮೇಲೆ ಏನು ಮಾಡಿದೆ ಅಂತ ಕೇಳಿದೆ. ಅವಳು ತೇರು, ಬಳೆ ಅಂಗಡಿ ಎಲ್ಲೂ ಹುಡುಕಿರಲಿಲ್ಲ. ಸೀದಾ ಒಬ್ಬ ಅಜ್ಜಿಯನ್ನು ಹಿಡಿದು "ಊಟ ಎಲ್ಲಿ ಕೊಡ್ತಾರೆ?" ಎಂದು ಕೇಳಿದಳಂತೆ. "ಹೇಗೂ ನೀವು ಉಣ್ಣಲಿಕ್ಕೆ ಬರಲೇಬೇಕಲ್ಲ? ನಾನು ಅಲ್ಲೇ ಕೂತರೆ ಆಯ್ತು." ಅಜ್ಜಿಯರ ಮಾತು ಅರ್ಧ ತಿಳಿಯಲಿಲ್ಲವಂತೆ, ಅವಳದ್ದು ಅವರಿಗೆ ಅಷ್ಟೂ ತಿಳಿಯಲಿಲ್ಲ. ಆದರೂ ಅವರ ಮನೆಯ ಎಮ್ಮೆ ಮೊನ್ನೆ ಈದದ್ದು, ಸೊಸೆ ತವರಿಗೆ ಹೋದದ್ದು ಎಲ್ಲಾ ಅವಳಿಗೆ ಗೊತ್ತಾಗಿತ್ತು. ಅವರಿಗೂ ಸಮುದ್ರದ ನೀರು ಯಾಕೆ ಉಪ್ಪು ಅಂತ ಏನೋ ವಿವರಿಸಿದ್ದಳು.

ನಾನು ನಕ್ಷೆ ಡೌನ್‌ಲೋಡ್ ಮಾಡಿಕೊಂಡ ಫೋನನ್ನು ಬ್ಯಾಗಿನೊಳಗೆ ಹಾಕಿದೆ. ಮಾದಲಿ ಬಡಿಸಿದರು. ಒಡೆದ ಗೋದಿ, ಬೆಲ್ಲ, ಗಸಗಸೆ, ಪುಟಾಣಿ. ಮೇಲೆ ಹಾಲು ಹಾಕಿ ಕಲಸಿಕೊಂಡೆ. ಆಮೇಲೆ ಎರಡು ರೊಟ್ಟಿ. ಅಷ್ಟು ಹಸಿವಾಗಿತ್ತು ಅಂತ ಗೊತ್ತೇ ಇರಲಿಲ್ಲ.

ಗುರುವಾರ ಮನೆ ಬಿಟ್ಟು ಕದಲಲಿಲ್ಲ. ಇಟಗಿ ಮಹಾದೇವ ಗುಡಿಗೆ ಹೋಗಬೇಕು ಅಂತ ಇತ್ತು. 1112ರ ಶಾಸನದಲ್ಲೇ ಅದಕ್ಕೆ ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ, ಹಂಪಿಗಿಂತ ಹಳೆಯದು ಅಂತ ಅಪ್ಪ ಆಸೆ ಹುಟ್ಟಿಸಿದ. ಯಾರಿಗೂ ಕಾಲೇ ಏಳಲಿಲ್ಲ. ಅದರ ಬದಲು ಅವ್ವ ನನ್ನ ಬುತ್ತಿಯ ತಯಾರಿಗೆ ಕೂತಳು. ನನ್ನ ಟಿಕೆಟ್ಟಿಗೆ 23 ಕೆ.ಜಿ. ಬ್ಯಾಗು. ಹಾಲಿನದು ಯಾವುದನ್ನೂ ಅಲ್ಲಿಗೆ ಒಯ್ಯುವ ಹಾಗಿಲ್ಲ, ತುಪ್ಪ, ಪೇಡೆ ಎರಡೂ ಇಲ್ಲ ಎಂದಾಗ ಅವ್ವನ ಮುಖ ನೋಡಬೇಕಿತ್ತು. "ಅದೆಂಥಾ ದೇಶ?" ಎಂದಳು. ಉಳಿದದ್ದು ಖಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಒಂದು ಟ್ರಯಲ್ ಮಾಡಿ ತೂಕ ನೋಡೋಣ ಎಂದು ಮೈಸೂರು ಲೆಕ್ಕಕ್ಕೆ ಕೂತಳು. 25 ರೊಟ್ಟಿಗೆ ಒಂದು ಕೆ.ಜಿ. ದಾಟಿತು. ನೂರು ಅಂದಿದ್ದ ಅವ್ವ ಚೌಕಾಸಿ ಮಾಡಿ ಐವತ್ತಕ್ಕೆ ಒಪ್ಪಿದಳು.

ಲೆಕ್ಕ ಮುಗಿದ ಮೇಲೆ ಮೈಸೂರಿಗೆ ರೊಟ್ಟಿ ಬಡಿಯುವ ಹುಕಿ ಬಂತು. ಎಸರು ಕುದಿಸಿ ಹಿಟ್ಟು ನಾದುವ ತನಕ ಅವ್ವ ಕಲಿಸಿದಳು. "ಉಪ್ಪು ಚಿಟಿಕೆಯಷ್ಟು ಹಾಕು" ಅಂತಲೂ ಹೇಳಿದಳು. ಬಡಿಯೋದು ಮಾತ್ರ ಹೇಳಿಕೊಡಲು ಬರೋದಿಲ್ಲ. ಅಂಗೈ ಬೀಳಬೇಕು, ರೊಟ್ಟಿ ತಾನೇ ತಿರುಗಬೇಕು. ಮೈಸೂರಿನ ರೊಟ್ಟಿ ತಿರುಗಲಿಲ್ಲ, ಅವಳೇ ಅದರ ಸುತ್ತ ತಿರುಗಿದಳು. ಅಂಚು ಸೀಳಿ ಸೀಳಿ ಕೊನೆಗೆ ಅದು ಗುಜರಾತ್ ಆಯಿತು. ಎತ್ತಿ ಹಂಚಿಗೆ ಹಾಕುವಾಗ ಇನ್ನೂ ಒಂದು ಜಿಲ್ಲೆ ಉದುರಿತು. ಅವ್ವ ನಗದೆ ನೀರರಿವೆ ಸವರಿ, ಬೇಯಿಸಿ, ಒಲೆಯ ಪಕ್ಕ ಒಣಗಲು ನಿಲ್ಲಿಸಿದಳು. ಹಾಗೆ ಮೂರು ಆದವು. ನನಗೂ ಬಡಿಯಲು ಬರೋದಿಲ್ಲ ಅಂತ ಅವತ್ತು ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಅದನ್ನು ಇಲ್ಲಿ ಜಾಸ್ತಿ ಬರೆಯೋದಿಲ್ಲ.

ಶುಕ್ರವಾರ ರಾತ್ರಿ ರೈಲಿಗೆ ಇಬ್ಬರೂ ಹೋದರು. ಸ್ಟೇಷನ್ನಿನಲ್ಲಿ ಮಂಗಳೂರು ನನ್ನವ್ವನಿಗೆ "ಹೋಗಿ ಬರ್ತೇನ್ರೀ" ಎಂದು ನಮ್ಮ ಥರ ಎಳೆದಳು. ಅವ್ವ ಕಣ್ಣು ಒರೆಸಿಕೊಂಡಳು. ನಾನು ಹೋಗುವಾಗ ಅಳೋದಿಲ್ಲ ಅಂತ ಮೊದಲೇ ಹೇಳಿಟ್ಟಿದ್ದಳು, ಅದಕ್ಕೇ ಇವರ ಮೇಲೆ ತೀರಿಸಿಕೊಂಡಳೋ ಏನೋ.

ಫೆಬ್ರವರಿ ಎರಡನೇ ವಾರ ವೀಸಾ ಬಂತು. ನಿನ್ನೆ ಅವ್ವ ಐವತ್ತು ರೊಟ್ಟಿ ಮುಗಿಸಿ ಡಬ್ಬಿಗೆ ತುಂಬಿದಳು. ನಾಡಿದ್ದು ವಿಮಾನ. ಇವತ್ತು ತೂಕಕ್ಕೆ ಅಂತ ಮುಚ್ಚಳ ತೆಗೆದರೆ ಎಲ್ಲಕ್ಕಿಂತ ಮೇಲೆ ಗುಜರಾತ್ ಇತ್ತು, ಅದರ ಕೆಳಗೆ ಇನ್ನೆರಡು. ಒಂದು ತಿಂಗಳು ಎಲ್ಲಿ ಬಚ್ಚಿಟ್ಟಿದ್ದಳೋ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಚಿಟಿಕೆ ಅಂದರೆ ಮೈಸೂರಿನಲ್ಲಿ ಒಂದು ಚಮಚ ಇರಬೇಕು. ಉಪ್ಪೋ ಉಪ್ಪು.