ದುರ್ಗದ ಬಿಸಿಲಿಗೆ ದಪ್ಪ ಆಯಿಲ್ ಬೇಕಾ?

"ನಮ್ಮೂರ ಬಿಸ್ಲಿಗೆ ದಪ್ಪ ಆಯಿಲ್ಲೇ ಸರಿ ಸರ್, ತೆಳ್ಳಂದು ಹಾಕಿದ್ರೆ ನೀರಾಗಿ ಹೋಗುತ್ತೆ." ಇಲ್ಲೇ ಚಿತ್ರದುರ್ಗದ ಒಬ್ಬ ಗ್ಯಾರೇಜ್ ಮೇಸ್ತ್ರಿ ಹೀಗೆ ಹೇಳಿ, ನಾನು ಹೂಂ ಅನ್ನುವಷ್ಟರಲ್ಲಿ ನನ್ನ ಕಾರಿಗೆ 20ಡಬ್ಲ್ಯು-50 ಅನ್ನುವ ದಪ್ಪ ಇಂಜಿನ್ ಆಯಿಲ್ ಸುರಿದಿದ್ದರು. ಏಪ್ರಿಲ್ ತಿಂಗಳು. ನೆರಳಲ್ಲಿ ನಿಂತರೂ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಆ ಹೊತ್ತಿಗೆ ಯಾರಿಗಾದರೂ ಅವರ ಮಾತು ಸರಿ ಅನ್ನಿಸುತ್ತದೆ.

ಗಾಡಿ ಯಾವುದು ಅಂತ ಹೇಳಲಿಲ್ಲ ಅಲ್ವಾ? ಸ್ಯಾನ್ ಸ್ಟಾರ್ಮ್. ತುಂಬಾ ಜನ ಹೆಸರೇ ಕೇಳಿರುವುದಿಲ್ಲ. ಗೋವಾದಲ್ಲಿ ತಯಾರಾಗುತ್ತಿದ್ದ, ಎರಡೇ ಸೀಟಿನ, ಮೇಲ್ಚಾವಣಿ ತೆಗೆಯಬಹುದಾದ ಪುಟ್ಟ ಕಾರು. ಮೈಯೆಲ್ಲ ಫೈಬರ್. ಒಳಗಿರುವುದು ರೆನೋ ಕಂಪನಿಯ 1149 ಸಿಸಿ ಇಂಜಿನ್, ಯುರೋಪಿನಲ್ಲಿ ಕ್ಲಿಯೋ ಮತ್ತು ಟ್ವಿಂಗೋ ಕಾರುಗಳಿಗೆ ಹಾಕುತ್ತಿದ್ದ ಅದೇ ಡಿ7ಎಫ್. ಬರೀ 60 ಕುದುರೆಶಕ್ತಿ. ಕಾಗದದ ಮೇಲೆ ಏನೂ ಅಲ್ಲ, ಆದರೆ ಗಾಡಿ ಹಗುರ ಇರುವುದರಿಂದ ಓಡಿಸುವಾಗ ಬೇರೆಯದೇ ಮಜಾ. ನಾನು ಇದನ್ನು ಸೆಕೆಂಡ್ ಹ್ಯಾಂಡ್ ತಂದಾಗ ಜೊತೆಗೆ ಮ್ಯಾನ್ಯುಯಲ್ ಇರಲಿಲ್ಲ. ಹಾಗಾಗಿ ಯಾವ ಆಯಿಲ್ ಅನ್ನುವುದಕ್ಕೆ ಮೇಸ್ತ್ರಿ ಹೇಳಿದ್ದೇ ವೇದವಾಯಿತು.

ಡಿಸೆಂಬರ್ ಬಂತು. ಬೆಳಿಗ್ಗೆ ಆರೂವರೆಗೆ ಸ್ಟಾರ್ಟ್ ಮಾಡಿದರೆ ಇಂಜಿನ್ ವಾಲ್ವಿನ ಹತ್ತಿರ ಟ್ಯಾಪೆಟ್ ಟಕಟಕ ಸದ್ದು, ಆಯಿಲ್ ದೀಪ ಆರುವುದಕ್ಕೆ ಮೊದಲಿಗಿಂತ ಒಂದೆರಡು ಸೆಕೆಂಡ್ ಜಾಸ್ತಿ, ಮೊದಲ ಎರಡು ಕಿಲೋಮೀಟರ್ ಗಾಡಿಗೆ ಯಾರೋ ಹಗ್ಗ ಕಟ್ಟಿ ಹಿಂದೆ ಎಳೆಯುತ್ತಿರುವ ಹಾಗೆ. ಆಗ ನನಗೆ ಅನುಮಾನ ಶುರುವಾಯಿತು.

ಅನುಮಾನ ಬಿಡಿಸಿದ್ದು ಇಂಟರ್ನೆಟ್ ಅಲ್ಲ, ಚಳ್ಳಕೆರೆಯ ನಮ್ಮ ಮಾವ. ಚಳ್ಳಕೆರೆಯನ್ನು ಎಣ್ಣೆ ನಗರ ಅಂತ ಕರೆಯುವುದು ಗೊತ್ತಲ್ಲ, ಮಾವ ಅಲ್ಲೇ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವರು. ಕಾರಿನ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ನಾನು ಮೇಸ್ತ್ರಿಯ ಮಾತು ಹೇಳಿದಾಗ ನಕ್ಕರು. "ಅಲ್ಲ ಅಳಿಯಾ, ಬಾಣಲೆಯಲ್ಲಿ ಮಿರ್ಚಿ ಕರಿಯೋವಾಗ ಎಣ್ಣೆ ನೀರಿನ ಹಾಗೇ ಆಗಿರುತ್ತೆ. ಅದು ಒಲೆ ಬಿಸಿಗೋ, ಹೊರಗಿನ ಬಿಸಿಲಿಗೋ?"

ವಿಷಯ ಇರುವುದೇ ಇಲ್ಲಿ. ಇಂಜಿನ್ ಕಾದ ಮೇಲೆ ಅದರ ನೀರನ್ನು ಥರ್ಮೋಸ್ಟಾಟ್ 90 ಡಿಗ್ರಿ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಆಯಿಲ್ 90ರಿಂದ 110ರೊಳಗೆ ಇರುತ್ತದೆ, ಜೋರಾಗಿ ಓಡಿಸಿದರೆ ಇನ್ನೂ ಮೇಲೆ. ಹೊರಗೆ 16 ಇರಲಿ, 38 ಇರಲಿ, ಒಳಗೆ ವ್ಯತ್ಯಾಸ ಸ್ವಲ್ಪವೇ. 20ಡಬ್ಲ್ಯು-50 ಥರದ ಗ್ರೇಡಿನ ಎರಡನೇ ಅಂಕಿ, ಅಂದರೆ 30, 40, 50, ಹೇಳುವುದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಅಂತ. 40 ಅಂದರೆ 12.5ರಿಂದ 16.3 ಸೆಂಟಿಸ್ಟೋಕ್, ಎಣ್ಣೆಯ ದಪ್ಪ ಅಳೆಯುವ ಮಾನ ಅದು. 50 ಅಂದರೆ ಅದಕ್ಕಿಂತ ಮೇಲೆ, 21.9ರವರೆಗೆ. ಊರಿನ ಬಿಸಿಲಿಗೂ ಆ ಅಂಕಿಗೂ ನೇರ ಸಂಬಂಧ ಇಲ್ಲ.

ಮೊದಲ ಅಂಕಿಯ ಜೊತೆ ಇರುವ ಡಬ್ಲ್ಯು ಅಂದರೆ ವಿಂಟರ್. ಅದನ್ನು ಅಳೆಯುವುದು ಸೊನ್ನೆಗಿಂತ ಎಷ್ಟೋ ಕೆಳಗೆ, 5ಡಬ್ಲ್ಯು ಆದರೆ ಮೈನಸ್ 30ರಲ್ಲಿ. ದುರ್ಗದಲ್ಲಿ ಮೈನಸ್ ಎಲ್ಲಿಂದ ಬರಬೇಕು, ನಮಗೇಕೆ ಅದು ಅಂತ ನಾನೂ ಅಂದುಕೊಂಡಿದ್ದೆ. ಆದರೆ ರಾತ್ರಿಯಿಡೀ ನಿಂತ ಇಂಜಿನ್‌ಗೆ 16 ಡಿಗ್ರಿಯೂ ತಣ್ಣಗೇ. 40 ಡಿಗ್ರಿಯಲ್ಲಿ ಅಳೆದರೂ 20ಡಬ್ಲ್ಯು-50 ಸಾಮಾನ್ಯವಾಗಿ 5ಡಬ್ಲ್ಯು-40ರ ಸುಮಾರು ಎರಡರಷ್ಟು ದಪ್ಪ ಇರುತ್ತದೆ. ಬೆಳಿಗ್ಗೆ ಕೇಳುತ್ತಿದ್ದ ಟಕಟಕ ಸದ್ದಿಗೆ ಇದೇ ಕಾರಣ. ಇನ್ನೊಂದು ಮಾತು, ನೀರಿನ ಮುಳ್ಳು ಮಧ್ಯಕ್ಕೆ ಬಂದ ಕೂಡಲೇ ಇಂಜಿನ್ ಕಾಯಿತು ಅಂತ ಎಳೆಯಬೇಡಿ, ಆಯಿಲ್ ಕಾಯುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಹಾಗಂತ ತೆಳ್ಳಗಿದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಬೆಂಗಳೂರಿನ ಗೆಳೆಯನೊಬ್ಬ ಹೊಸ ಹೈಬ್ರಿಡ್ ತಗೊಂಡಿದ್ದಾನೆ, ಅದಕ್ಕೆ 0ಡಬ್ಲ್ಯು-20. "ನೀನೂ ಅದೇ ಹಾಕು ಮಾರಾಯ, ಮೈಲೇಜ್ ಬರುತ್ತೆ" ಅಂದ. ಅವನ ಇಂಜಿನ್‌ನ ಪಂಪು, ಬೇರಿಂಗಿನ ಸಂದು ಎಲ್ಲ ಆ ಆಯಿಲ್ ಲೆಕ್ಕದಲ್ಲೇ ಮಾಡಿದ್ದು. ನನ್ನದು ತೊಂಬತ್ತರ ದಶಕದ ಇಂಜಿನ್, ಅದೂ ಸವೆದಿರುವುದು. ಮೇಲಾಗಿ ಹಗುರ ಕಾರು ಓಡಿಸುವವರ ಚಾಳಿಯೇ ಬೇರೆ. 60 ಕುದುರೆಯಲ್ಲಿ ಮಜಾ ಬೇಕು ಅಂದರೆ ಗೇರ್ ಇಳಿಸಿ 5,000 ಆರ್‌ಪಿಎಂ ದಾಟಿಸಲೇಬೇಕು. ಆಗ ಬೇರಿಂಗಿನ ಒಳಗೆ ಆಯಿಲ್ ಪದರ ಹಿಂಡಿ ಹೋಗುತ್ತದೆ. ಅದನ್ನು ಅಳೆಯುವ ಲೆಕ್ಕ ಬೇರೆ ಇದೆ, ಎಚ್‌ಟಿಎಚ್‌ಎಸ್ ಅಂತ, 150 ಡಿಗ್ರಿಯಲ್ಲಿ ಜೋರಾಗಿ ಉಜ್ಜಿದಾಗಲೂ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅಂತ ನೋಡುವುದು. 20 ಗ್ರೇಡಿಗೆ ಕನಿಷ್ಠ 2.6 ಇದ್ದರೆ ಸಾಕು. 5ಡಬ್ಲ್ಯು-40ಕ್ಕೆ 3.5 ಇರಲೇಬೇಕು. ನನಗೆ ಬೇಕಾಗಿದ್ದು ಆ 3.5.

ಮ್ಯಾನ್ಯುಯಲ್ ಇಲ್ಲದಿದ್ದರೂ ಇಂಜಿನ್ ರೆನೋದು ತಾನೇ, ಅದರ ದಾರಿ ಹಿಡಿದೆ. ಟರ್ಬೋ ಇಲ್ಲದ ಹಳೆಯ ಪೆಟ್ರೋಲ್ ಇಂಜಿನ್‌ಗಳಿಗೆ ರೆನೋದವರದ್ದು ಆರ್‌ಎನ್0700 ಅನ್ನುವ ಆಯಿಲ್ ದರ್ಜೆಯ ಗುರುತು. ಅದು ಸಿಗದಿದ್ದರೆ ಡಬ್ಬಿಯ ಹಿಂದೆ ಎಸಿಇಎ ಎ3/ಬಿ4 ಅಂತ ಇದೆಯಾ ನೋಡಿ, ಯುರೋಪಿನ ದರ್ಜೆ ಅದು, ಅದಿದ್ದರೆ 3.5 ಇದ್ದೇ ಇರುತ್ತದೆ. ಮುಂದುಗಡೆ ಚಿನ್ನದ ಬಣ್ಣದಲ್ಲಿ ಬರೆದಿರುವುದನ್ನೆಲ್ಲ ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ. ಎಪಿಐ ಎಸ್‌ಪಿ ಅಂತ ಇದ್ದರೆ ಒಳ್ಳೆಯದೇ. 2020ರಲ್ಲಿ ಬಂದ ಅಮೆರಿಕದ ದರ್ಜೆ ಅದು. ಟರ್ಬೋ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆ ಹತ್ತಿಕೊಳ್ಳುವ ತೊಂದರೆ ತಡೆಯುವ ಪರೀಕ್ಷೆಯೂ ಅದರಲ್ಲಿದೆ. ನನಗೆ ಅದರ ಅಗತ್ಯವಿಲ್ಲ, ಟರ್ಬೋ ಕಾರಿನವರು ಮಾತ್ರ ಬಿಡಬಾರದು.

ಇಷ್ಟೆಲ್ಲ ಓದಿದವನು ಮಾಡಿದ ದಡ್ಡತನವನ್ನೂ ಹೇಳಬೇಕು. ಆಯಿಲ್ ಬದಲಿಸುವ ಮುಂಚೆ ಒಂದು ಭಾನುವಾರ ಜೋಗಿಮಟ್ಟಿಯಿಂದ ಇಳಿಯುತ್ತಿದ್ದೆ. ಉದ್ದನೆಯ ಒಂದು ತಿರುವು, ಗಾಡಿ ಚೆನ್ನಾಗಿ ಹಿಡಿದುಕೊಂಡು ಹೋಗುತ್ತಿದೆ, ಅಷ್ಟರಲ್ಲಿ ಆಯಿಲ್ ದೀಪ ಒಂದು ಸಲ ಮಿಣುಕ್ ಅಂತು. ಎದೆ ಧಸಕ್ಕೆಂದಿತು. ಪಕ್ಕಕ್ಕೆ ನಿಲ್ಲಿಸಿ, ಐದು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು ನೋಡಿದರೆ ಮಟ್ಟ ಕೆಳಗಿನ ಗೆರೆಗಿಂತಲೂ ಕೆಳಗೆ. ನಾಲ್ಕು ತಿಂಗಳಿಂದ ನೋಡಿಯೇ ಇರಲಿಲ್ಲ! ತಿರುವಿನಲ್ಲಿ ಇಂಜಿನ್ ತಳದ ಚೇಂಬರಿನ ಆಯಿಲ್ ಎಲ್ಲ ಒಂದು ಪಕ್ಕಕ್ಕೆ ಸರಿಯುತ್ತದೆ, ಇದ್ದದ್ದೇ ಕಮ್ಮಿಯಾದರೆ ಪಂಪು ಗಾಳಿ ಎಳೆಯುತ್ತದೆ. ದಪ್ಪ 20ಡಬ್ಲ್ಯು-50 ಒಳಗಿದ್ದೂ ಏನೂ ಉಪಯೋಗವಾಗಲಿಲ್ಲ. ತಿರುವಿನಲ್ಲಿ ವೇಗವಾಗಿ ಹೋಗುವ ಇಂಥ ಗಾಡಿಗೆ ಮಟ್ಟ ಮೇಲಿನ ಗೆರೆಯ ಹತ್ತಿರವೇ ಇರಬೇಕು. ಗೆರೆ ದಾಟಿಸಬಾರದು, ದಾಟಿದರೆ ಒಳಗೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಬರಿಸುತ್ತದೆ, ಮಜ್ಜಿಗೆಯ ಹಾಗೆ.

ಜನವರಿಯಲ್ಲಿ 5ಡಬ್ಲ್ಯು-40 ತಂದೆ. 10ಡಬ್ಲ್ಯು-40 ಆದರೂ ನಮ್ಮೂರಿಗೆ ಧಾರಾಳ ಸಾಕು, ಸುಮ್ನೆ ಬೆಳಗಿನ ಆ ಸದ್ದಿನ ಮೇಲೆ ಸಿಟ್ಟಿತ್ತು. ಮೊದಲು ಹೋದ ಅಂಗಡಿಯಲ್ಲಿ ಕೊಟ್ಟ ಕ್ಯಾನಿನ ಮುಚ್ಚಳದ ರಿಂಗ್ ಆಗಲೇ ಬಿಟ್ಟುಕೊಂಡಿತ್ತು, ಒಳಗಿನ ಫಾಯಿಲ್ ಸೊಟ್ಟಗೆ ಅಂಟಿಸಿತ್ತು. ವಾಪಸ್ ಕೊಟ್ಟು ಬೇರೆ ಕಡೆ ಬಿಲ್ ಹಾಕಿಸಿ ತಂದೆ. ಖಾಲಿ ಕ್ಯಾನನ್ನು ಗ್ಯಾರೇಜಿನಲ್ಲಿ ಬಿಡುವಾಗ ಮೊಳೆಯಿಂದ ತೂತು ಮಾಡಿಸುತ್ತೇನೆ, ಇಲ್ಲದಿದ್ದರೆ ಅದೇ ಕ್ಯಾನ್ ಮತ್ತೆ ತುಂಬಿಕೊಂಡು ಇನ್ನೊಬ್ಬರ ಮನೆಗೆ ಹೋಗಬಹುದು. ತಳದಲ್ಲಿ ಉಳಿದ ಒಂದಿಷ್ಟನ್ನು ಮೇಸ್ತ್ರಿ ನನ್ನ ಬೈಕಿಗೆ ಸುರಿಯಲು ಹೊರಟಿದ್ದರು, ತಡೆದೆ. ಬೈಕಿನ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಕಾರಿನ ಆಯಿಲ್‌ನಲ್ಲಿರುವ ಜಾರಿಕೆಯ ಪದಾರ್ಥಕ್ಕೆ ಅದು ಜಾರಬಹುದು.

ನಾನು ವರ್ಷಕ್ಕೆ ಓಡಿಸುವುದೇ ಮೂರು ಸಾವಿರ ಕಿಲೋಮೀಟರ್. ಆದರೂ ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಹತ್ತಿರ ಹತ್ತಿರ ಓಡಾಡಿದರೆ ಆಯಿಲ್ ಪೂರ್ತಿ ಕಾಯುವುದಿಲ್ಲ, ನೀರಿನ ಪಸೆಯೂ ಪೆಟ್ರೋಲೂ ಅದರಲ್ಲೇ ಉಳಿದುಬಿಡುತ್ತವೆ. ಕಪ್ಪಾಯಿತು ಅಂತ ಮಾತ್ರ ಗಾಬರಿಯಿಂದ ಬದಲಿಸುವುದಿಲ್ಲ, ಇಂಜಿನ್ ಒಳಗಿನ ಕೊಳೆ ಹಿಡಿದುಕೊಂಡರೆ ಆಯಿಲ್ ಕಪ್ಪಾಗಲೇಬೇಕು.

ಈಗ ಬೆಳಿಗ್ಗೆ ಟಕಟಕ ಇಲ್ಲ. ಕಡ್ಡಿಯನ್ನು ಪ್ರತಿ ಭಾನುವಾರ ಎಳೆಯುತ್ತೇನೆ. ಹೋದ ವಾರ ಮಾವ ಬಂದಾಗ ಅದರ ತುದಿಯ ಆಯಿಲ್ ಬೆರಳಿಗೆ ಹಚ್ಚಿಕೊಂಡು ಉಜ್ಜಿ, ಮೂಸಿ ನೋಡಿ, "ಶೇಂಗಾ ಅಲ್ಲ ಬಿಡು" ಅಂದರು.