ಅಪ್ಪನ ಪದಕದ ಅಂಚಿನಲ್ಲಿ ಏನು ಕೆತ್ತಿದೆ?

ಪ್ಯಾಲೆಸ್ಟೈನ್, ಮಲಯಾ (ಇಂದಿನ ಮಲೇಷ್ಯಾದ ಭಾಗ) ಇಲ್ಲೆಲ್ಲ ಬ್ರಿಟಿಷ್ ಆಡಳಿತದ ಪೊಲೀಸ್ ಕೆಲಸ ಮಾಡಿ ಇಂಗ್ಲೆಂಡಿಗೆ ಮರಳಿದವರ ಮಕ್ಕಳ ಕೈಯಲ್ಲಿ ಉಳಿಯುವುದು ಸಾಮಾನ್ಯವಾಗಿ ಇಷ್ಟೇ: ಒಂದು ಪದಕ, ಹಿಂಬದಿ ಏನೂ ಬರೆಯದ ಒಂದು ಗ್ರೂಪ್ ಫೋಟೊ, ಊಟದ ಹೊತ್ತಿಗೆ ಕೇಳಿದ ನಾಲ್ಕು ಕಥೆ. ಹುಡುಕಾಟವನ್ನು ಪದಕದಿಂದ ಶುರು ಮಾಡಿ. ಕಥೆಗೆ ತಾರೀಕು ಇರುವುದಿಲ್ಲ.

ಹೆಚ್ಚಾಗಿ ಸಿಗುವುದು ಜನರಲ್ ಸರ್ವೀಸ್ ಮೆಡಲ್. 36 ಮಿ.ಮೀ. ಅಗಲದ ಬೆಳ್ಳಿ ಬಿಲ್ಲೆ. ನೇರಳೆ ರಿಬ್ಬನ್, ನಡುವೆ ಹಸಿರು ಪಟ್ಟೆ. ಮೇಲಿನ ಅಡ್ಡಪಟ್ಟಿಯನ್ನು ಪೂರ್ತಿ ಓದಬೇಕು. ಬರೀ ‘ಪ್ಯಾಲೆಸ್ಟೈನ್’ ಎಂದಿದ್ದರೆ ಅದು ಅರಬ್ ದಂಗೆಯ ಕಾಲ, 1936ರ ಏಪ್ರಿಲ್ 19ರಿಂದ 1939ರ ಸೆಪ್ಟೆಂಬರ್ 3ರವರೆಗೆ. ‘ಪ್ಯಾಲೆಸ್ಟೈನ್ 1945–48’ ಬೇರೆಯದೇ ಪಟ್ಟಿ. ‘ಮಲಯಾ’ ಎಂದಿದ್ದರೆ 1948ರ ಜೂನ್ 16ರಿಂದ 1960ರ ಜುಲೈ 31ರವರೆಗಿನ ಎಮರ್ಜೆನ್ಸಿ, ಅಂದರೆ ಕಮ್ಯುನಿಸ್ಟ್ ಗೆರಿಲ್ಲಾಗಳ ವಿರುದ್ಧದ ಕಾಳಗ.

ಆಮೇಲೆ ಅಂಚು. ನಂಬರ್, ದರ್ಜೆ, ಹೆಸರು, ಪಡೆ ನಾಲ್ಕೂ ಅಲ್ಲೇ ಸಣ್ಣಕ್ಷರದಲ್ಲಿರುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದು, ಬಿಲ್ಲೆಯನ್ನು ನಿಧಾನವಾಗಿ ತಿರುಗಿಸುತ್ತ ಐದಾರು ಫೋಟೊ ತೆಗೆಯಿರಿ. ಮೊದಲು ಪಾಲಿಶ್ ಹಾಕಲು ಹೋಗಬೇಡಿ: ಉಜ್ಜಿದಾಗ ಮೊದಲು ಸವೆಯುವುದು ಈ ಅಕ್ಷರಗಳೇ. ಪ್ಯಾಲೆಸ್ಟೈನ್ ಪದಕಗಳಲ್ಲಿ ದರ್ಜೆಯ ಮುಂದೆ ಬರುವ ‘ಬಿ’ ಅಕ್ಷರವನ್ನು ಎಷ್ಟೋ ಜನ ಹೆಸರಿನ ಇನಿಷಿಯಲ್ ಎಂದುಕೊಂಡು ಬೇರೆ ಯಾರದೋ ಹಿಂದೆ ಬೀಳುತ್ತಾರೆ. ಅದು ‘ಬ್ರಿಟಿಷ್ ಕಾನ್‌ಸ್ಟೇಬಲ್’ನ ಬಿ.

ಮಲಯಾದಲ್ಲಿ ಎಡವುವ ಜಾಗ ‘ಪೊಲೀಸ್ ಲೆಫ್ಟಿನೆಂಟ್’. ಲೆಫ್ಟಿನೆಂಟ್ ಎಂದ ಕೂಡಲೇ ಸೇನೆಯ ಪಟ್ಟಿಗಳಲ್ಲಿ ಹುಡುಕಿ ತಿಂಗಳುಗಟ್ಟಲೆ ಹಾಳು ಮಾಡಿಕೊಳ್ಳುವುದುಂಟು. 1948ರ ಮೇ ತಿಂಗಳಲ್ಲಿ ಪ್ಯಾಲೆಸ್ಟೈನ್ ಆಡಳಿತ ಮುಗಿದು ಆ ಪಡೆ ಚದುರಿದಾಗ, ಅಲ್ಲಿನ ಸುಮಾರು 500 ಮಂದಿಯನ್ನು ಸಾರ್ಜೆಂಟ್‌ಗಳಾಗಿ ಮಲಯಾಕ್ಕೆ ಕರೆಸಿಕೊಂಡರು. ಮುಂದೆ ಪೊಲೀಸ್ ಲೆಫ್ಟಿನೆಂಟ್ ಎನಿಸಿಕೊಂಡವರು ಇವರೇ. ಅವರ ಹಳೆಯ ಮುಖ್ಯಸ್ಥ ನಿಕಲ್ ಗ್ರೇ ಅಲ್ಲೂ ಪೊಲೀಸ್ ಕಮಿಷನರ್ ಆದರು. ಒಂದೇ ಪದಕದ ಮೇಲೆ ಎರಡೂ ನಾಡಿನ ಪಟ್ಟಿಗಳಿದ್ದರೆ ಈ ದಾರಿ ನೆನಪಿರಲಿ. ಮಲಯಾ ಪೊಲೀಸ್ ಪಡೆಯ ಹೆಸರಿಗೆ ‘ರಾಯಲ್’ ಸೇರಿದ್ದು 1958ರ ಜುಲೈನಲ್ಲಿ. ಆ ಪದವಿರುವ ಕಾಗದ ಅದಕ್ಕಿಂತ ಹಿಂದಿನದಾಗಿರಲಾರದು.

ಕಲೋನಿಯಲ್ ಪೊಲೀಸ್ ಮೆಡಲ್ (1938ರಿಂದ) ಇದ್ದರೆ ಹಿಂಬದಿ ನೋಡಿ. ಅದನ್ನು ಶೌರ್ಯಕ್ಕೂ ಕೊಡುತ್ತಿದ್ದರು, ಒಳ್ಳೆಯ ಸೇವೆಗೂ ಕೊಡುತ್ತಿದ್ದರು. ಯಾವುದಕ್ಕೆ ಎಂಬುದು ಅಲ್ಲೇ ಬರೆದಿರುತ್ತದೆ. ಇದಕ್ಕೂ 18 ವರ್ಷ ಪೂರೈಸಿದವರಿಗೆ ಕೊಡುತ್ತಿದ್ದ ದೀರ್ಘಸೇವಾ ಪದಕಕ್ಕೂ ಸಂಬಂಧವಿಲ್ಲ. ‘ಅಪ್ಪನಿಗೆ ಶೌರ್ಯ ಪದಕ ಬಂದಿತ್ತು’ ಎನ್ನುವ ಮನೆಮಾತು ಎಷ್ಟೋ ಸಲ ಇಲ್ಲೇ ಕರಗುತ್ತದೆ.

ಮುಂದಿನ ಹೆಜ್ಜೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್. ಅಪ್ಪನ ಹೆಸರಿನ ಫೈಲ್ ಅಲ್ಲಿ ಸಿಕ್ಕೀತೆಂಬ ಆಸೆ ಬೇಡ. ಅವರು ಸಂಬಳ ಎಣಿಸಿದ್ದು ಆ ವಸಾಹತಿನ ಸರ್ಕಾರದಿಂದ, ಲಂಡನ್ನಿನಿಂದಲ್ಲ. ಸೇವಾ ದಾಖಲೆಯೂ ಆ ವಸಾಹತಿನಲ್ಲೇ ಇತ್ತು. ಹಾಗಾಗಿ ಹೆಸರು ಬಿಟ್ಟು ಊರು ಮತ್ತು ವರ್ಷ ಹಿಡಿದು ಹುಡುಕಿ. ಕಡತಗಳ ಸರಣಿ ಪ್ಯಾಲೆಸ್ಟೈನ್‌ಗೆ ಸಿಒ (ಕಲೋನಿಯಲ್ ಆಫೀಸ್) 733, ಐವತ್ತರ ದಶಕದ ಮಲಯಾಕ್ಕೆ ಸಿಒ 1022. ಬಹುಕಾಲ ಬ್ರಿಟಿಷ್ ಸರ್ಕಾರದ ಹ್ಯಾನ್ಸ್‌ಲೋಪ್ ಪಾರ್ಕ್ ನೆಲೆಯಲ್ಲಿ ಅಡಗಿದ್ದು 2012ರಿಂದ ಹೊರಬಂದ ವಸಾಹತು ಕಡತಗಳು ಎಫ್‌ಸಿಒ (ವಿದೇಶಾಂಗ ಕಚೇರಿ) 141ರಲ್ಲಿವೆ. ಸ್ವಾತಂತ್ರ್ಯ ಕೊಡುವ ಮೊದಲು ಸುಟ್ಟದ್ದೂ ಬಹಳವಿದೆ, ಆದ್ದರಿಂದ ಸರಣಿಯಲ್ಲಿ ಕಾಣುವ ಖಾಲಿ ಜಾಗಕ್ಕೆ ಮುಗ್ಧ ಅರ್ಥ ಕೊಡಬೇಡಿ. ಪ್ಯಾಲೆಸ್ಟೈನ್ ಪೊಲೀಸರ ಖಾಸಗಿ ಕಾಗದಪತ್ರಗಳಿಗೆ ಆಕ್ಸ್‌ಫರ್ಡಿನ ಸೇಂಟ್ ಆಂಟನೀಸ್ ಕಾಲೇಜಿನ ಮಿಡ್ಲ್ ಈಸ್ಟ್ ಸೆಂಟರ್ ಆರ್ಕೈವ್ ನೋಡಬೇಕು.

ಊರು ಸಿಕ್ಕಿದ ಮೇಲೆ ಕಥೆಗಳ ಬಣ್ಣ ಬದಲಾಗುತ್ತದೆ. ಕಥೆಯಲ್ಲಿ ಕಾಡು, ಜಿಗಣೆ, ಹೊಂಚುದಾಳಿ. ಕಡತದಲ್ಲಿ, ಗೆರಿಲ್ಲಾಗಳಿಂದ ದೂರವಿಡಲು ಹಳ್ಳಿಗರನ್ನು ಕೂಡಿಹಾಕಿದ್ದ ಮುಳ್ಳುತಂತಿಯ ‘ಹೊಸ ಗ್ರಾಮ’ದ ಗೇಟು: ಬೆಳಗ್ಗೆ ರಬ್ಬರ್ ತೋಟಕ್ಕೆ ಹೊರಟವರ ಸೈಕಲ್, ಬುತ್ತಿ ತಪಾಸಣೆ, ಗೆರಿಲ್ಲಾಗಳಿಗೆ ಮುಟ್ಟದಂತೆ ಅಕ್ಕಿಯ ಮೇಲೆ ಕಣ್ಣು, ಕೂಡಿಡಲಾಗದಂತೆ ಮಾರುವಾಗಲೇ ತೂತು ಮಾಡಿಸುತ್ತಿದ್ದ ಆಹಾರದ ಡಬ್ಬಿಗಳು, ಹನ್ನೆರಡು ದಾಟಿದ ಎಲ್ಲರ ಗುರುತಿನ ಚೀಟಿ. ಅಪ್ಪ 1952ರ ಮಾರ್ಚ್‌ನಲ್ಲಿ ತಾಂಜೊಂಗ್ ಮಾಲಿಮ್‌ನಲ್ಲಿ ಇದ್ದರು ಎಂದು ಗೊತ್ತಾದರೆ, ಇಡೀ ಊರಿಗೆ ಮಲಯಾದ ಬ್ರಿಟಿಷ್ ಹೈಕಮಿಷನರ್ ಜನರಲ್ ಟೆಂಪ್ಲರ್ ದಿನಕ್ಕೆ 22 ಗಂಟೆಯ ಕರ್ಫ್ಯೂ ಹಾಕಿ ಅಕ್ಕಿ ಪಡಿತರ ಕಡಿತ ಮಾಡಿದ್ದು ಆಗಲೇ. ಆ ಕರ್ಫ್ಯೂ ಕಾಯ್ದವರಲ್ಲಿ ಪೊಲೀಸರೂ ಇದ್ದರು. ಈಗ ಆ ಗ್ರೂಪ್ ಫೋಟೊ ಮತ್ತೆ ತೆಗೆದು, ಮುಖಗಳನ್ನು ಬಿಟ್ಟು ಹಿಂದಿನ ಬೇಲಿ ನೋಡಿ.